ತಾಯಿಯ ಕಾಲಮ್ಮಿನಲ್ಲಿ ‘ಇಲ್ಲ’

ನವಿ ಮುಂಬಯಿಯ ಒಂದು ಫ್ರೀಜರಿನಲ್ಲಿ ನನ್ನ ರಕ್ತದ ಕೆಲವು ಸಣ್ಣ ನಳಿಕೆಗಳಿವೆ. ಅವು ಇದ್ದ ಪೆಟ್ಟಿಗೆಯ ಮೇಲೆ ‘ಆರೋಗ್ಯವಂತರು’ ಎಂದು ಬರೆದಿತ್ತು. ಬರೆದವಳು ನಾನೇ. ತಾಯಿಗೆ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂದು ಫಾರ್ಮು ಕೇಳಿದಾಗ ‘ಇಲ್ಲ’ ಎಂದು ಬರೆದವಳೂ ನಾನೇ. ನನ್ನ ತಾಯಿ ಸತ್ತದ್ದು ಅದರಿಂದಲೇ.

ಇಲ್ಲಿ ಹೇಳಬೇಕಾದ ಸಂಗತಿ ಒಂದೇ. ಅದೇ ಫಾರ್ಮಿನಲ್ಲಿ ನನ್ನ ಅಕ್ಕ ನಿಜ ಬರೆದು ತೋಳು ಚಾಚಬೇಕಾಗಿತ್ತು. ಆಕೆ ಒಲ್ಲೆ ಎಂದಳು. ನಾನು ಬಿಡಲಿಲ್ಲ. ನಡುವೆ ಹಳೆಯ ನೆನಪುಗಳು ಬರುತ್ತವೆ, ಅವುಗಳನ್ನು ಪೂರ್ತಿ ನಂಬಬೇಡಿ. ನಾನೂ ನಂಬುವುದಿಲ್ಲ.

ನಾನು ಇರುವುದು ಕಲ್ಯಾಣಿನಲ್ಲಿ. ಬೆಳಿಗ್ಗೆ ಲೋಕಲ್ ಹಿಡಿದು ಥಾಣೆಗೆ, ಅಲ್ಲಿ ಸೇತುವೆ ಹತ್ತಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ಕೋಪರಖೈರಣೆಗೆ, ಅಲ್ಲಿಂದ ರಿಕ್ಷಾದಲ್ಲಿ ಕಾರ್ಖಾನೆಗಳ ನಡುವಿನ ಒಂದು ಎರಡಂತಸ್ತಿನ ಕಟ್ಟಡಕ್ಕೆ. ಒಂದು ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ ಮುಚ್ಚಳ ಮಾಡುವವರು, ಇನ್ನೊಂದು ಪಕ್ಕದಲ್ಲಿ ಮಸಾಲೆ ಪುಡಿ ಮಾಡುವವರು. ನಡುವೆ ನಾವು. ನಾವು ಹುಡುಕುತ್ತಿರುವುದು ಒಂದು ರಕ್ತಪರೀಕ್ಷೆ. ಅಂಡಾಶಯದ ಕ್ಯಾನ್ಸರು ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆಯುತ್ತದೆ. ಹೊರಗೆ ತೋರುವುದು ಗ್ಯಾಸು, ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ. ಹೆಂಗಸರು ಇದನ್ನು ಯಾರಿಗೂ ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಹೊಟ್ಟೆ ತುಂಬ ಹರಡಿರುತ್ತದೆ. ಆದರೆ ಸಣ್ಣದಿದ್ದಾಗಲೂ ಅದು ತನ್ನ ಚೂರುಪಾರು ರಕ್ತಕ್ಕೆ ಬಿಡುತ್ತಿರಬಹುದು, ಕೆಲವು ಪ್ರೋಟೀನು, ಕೆಲವು ಮುರಿದ ಡಿಎನ್‌ಎ ತುಣುಕು. ತೀರ ಕಡಿಮೆ. ಅದನ್ನು ಹಿಡಿಯುವಷ್ಟು ಸೂಕ್ಷ್ಮವಾದ ಪರೀಕ್ಷೆ ಬೇಕು.

ಸೂಕ್ಷ್ಮವಾದರೆ ಸಾಲದು, ಅದೇ ಇದರ ಕಷ್ಟ. ಆರೋಗ್ಯವಂತರ ರಕ್ತದಲ್ಲಿ ಇವೆಲ್ಲ ಎಷ್ಟಿರುತ್ತವೆ ಎಂದು ನೋಡಿ ನಾವು ಒಂದು ಗೆರೆ ಎಳೆಯುತ್ತೇವೆ. ಗೆರೆಯ ಮೇಲಿದ್ದರೆ ಅನುಮಾನ. ಗೆರೆಯನ್ನು ತೀರ ಕೆಳಗೆ ಎಳೆದರೆ ಏನೂ ಇಲ್ಲದ ಹೆಂಗಸರನ್ನು ಹೆದರಿಸಿ, ಸ್ಕ್ಯಾನಿಗೆ ಕಳಿಸಿ, ಕೊನೆಗೆ ಸುಮ್ಮಸುಮ್ಮನೆ ಹೊಟ್ಟೆ ಕೊಯ್ಯಿಸುತ್ತೇವೆ. ತೀರ ಮೇಲೆ ಎಳೆದರೆ ನನ್ನ ತಾಯಿಯಂಥವರು ಅದರ ಕೆಳಗೆ ನುಸುಳಿಕೊಂಡು ಹೋಗುತ್ತಾರೆ. ಒಬ್ಬಳ ರಕ್ತವನ್ನು ಇನ್ನೊಬ್ಬಳದರ ಜೊತೆ ಹೋಲಿಸುವುದಕ್ಕಿಂತ ಅವಳದೇ ಹಿಂದಿನ ವರ್ಷದ ರಕ್ತದ ಜೊತೆ ಹೋಲಿಸುವುದು ಮೇಲು. ಆದ್ದರಿಂದ ಅದೇ ಹೆಂಗಸರು ವರ್ಷವರ್ಷ ಬರಬೇಕು. ಬಂದು, ನಿಜ ಹೇಳಬೇಕು. ಸುಳ್ಳು ಹೇಳಿದವರು ಆರೋಗ್ಯವಂತರ ಪೆಟ್ಟಿಗೆಯಲ್ಲಿ ಕೂತರೆ ಗೆರೆ ಮೇಲಕ್ಕೆ ಹೋಗುತ್ತದೆ.

ಈಗ ಅವ್ವ.

ಅವ್ವನ ಹೊಟ್ಟೆ ಉಬ್ಬಿದ್ದು ಗಣಪತಿ ಹಬ್ಬದಲ್ಲಿ ಎಂದು ನಾನು ಹೇಳುತ್ತೇನೆ. ನೆರಿಗೆ ಸಿಗಿಸಿಕೊಳ್ಳಲು ಆಗದೆ ಸೆರಗನ್ನೇ ಮುಂದಕ್ಕೆ ಹೊದ್ದುಕೊಂಡಿದ್ದಳು. ಅಕ್ಕ ದೀಪಾವಳಿ ಎನ್ನುತ್ತಾಳೆ. ಭಿವಂಡಿಯ ಬಟ್ಟೆ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ, ಬದುಕಿರುವವರೆಗೂ ‘ಒಂದು ತಿಂಗಳ ಬ್ಯಾನಿ’ ಎಂದೇ ಹೇಳಿದ. ಒಂದು ಕಾಲದಲ್ಲಿ ನಾನು ಒಂದು ದೃಶ್ಯವನ್ನೂ ಇಟ್ಟುಕೊಂಡಿದ್ದೆ. ಅವ್ವ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ತಟ್ಟನೆ ನಿಲ್ಲುತ್ತಾಳೆ, ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದು ನನ್ನ ಕಡೆ ನೋಡುತ್ತಾಳೆ. ಆ ನೋಟ ತುಂಬ ಚೆನ್ನಾಗಿದೆ. ಅದಕ್ಕೇ ನನಗೆ ಅನುಮಾನ. ಆ ವರ್ಷ ನಾನು ಬೆಳಿಗ್ಗೆ ಏಳಕ್ಕೇ ಕಾಲೇಜಿಗೆ ಹೊರಡುತ್ತಿದ್ದೆ, ರೊಟ್ಟಿ ಬಡಿಯುವ ಹೊತ್ತಿಗೆ ಮನೆಯಲ್ಲೇ ಇರುತ್ತಿರಲಿಲ್ಲ. ಆ ನೋಟವನ್ನು ನಾನು ಆಮೇಲೆ ಮಾಡಿಕೊಂಡಿರಬೇಕು.

ಮಾಡಿಕೊಳ್ಳದ ಸಂಗತಿಗಳು ಕಡಿಮೆ. ಅಜವಾನದ ನೀರು. ಡೊಂಬಿವಲಿಯ ಡಾಕ್ಟರು ಕೊಟ್ಟ ಗುಲಾಬಿ ಬಣ್ಣದ ಗ್ಯಾಸಿನ ಔಷಧ. ಆಮೇಲೆ ಮುಂಬಯಿಯ ದೊಡ್ಡ ಆಸ್ಪತ್ರೆ, ಹೊಟ್ಟೆ ಕೊಯ್ದು ನೋಡಿ ಮತ್ತೆ ಹೊಲಿದದ್ದು. ಅಕ್ಕನಿಗೆ ಆಗ ವರ ನೋಡುತ್ತಿದ್ದರು. ಅಪ್ಪ ಊರಿಗೆಲ್ಲ ಕಾಮಾಲೆ ಎಂದು ಹೇಳಿದ. ತಾಯಿಗೆ ಇಂಥ ರೋಗವಿದ್ದ ಮನೆಯಿಂದ ಯಾರು ಹೆಣ್ಣು ತರುತ್ತಾರೆ. ಕಾಮಾಲೆ ಯಾರಿಗಾದರೂ ಬರುತ್ತದೆ. ಅಕ್ಕನ ಲಗ್ನ ಆ ಕಾಮಾಲೆಯ ಮೇಲೆಯೇ ನಡೆಯಿತು. ನಾನು ಬಯೋಕೆಮಿಸ್ಟ್ರಿ ಓದಿ ಮುಗಿಸಿದ ವರ್ಷ ಅಪ್ಪ ಆ ಆಸ್ಪತ್ರೆಯ ಒಂದು ಇಂಗ್ಲಿಷ್ ಕಾಗದ ತಂದು ನನ್ನ ಮುಂದಿಟ್ಟು, ‘ಇದರಾಗ ಖರೇನ ಏನ್ ಬರದಾರ ನೋಡು’ ಎಂದ. ಅಷ್ಟು ವರ್ಷ ಅದನ್ನು ಇಟ್ಟುಕೊಂಡಿದ್ದ, ಓದಲು ಬಂದಿರಲಿಲ್ಲ. ಓದಿ ಹೇಳಿದೆ. ‘ಹೂಂ’ ಎಂದು ಮತ್ತೆ ಮಡಚಿಟ್ಟ.

ಯಾರಾದರೂ ‘ಮೊದಲೇ ಗೊತ್ತಾಗಿದ್ದರೆ’ ಎಂದು ಶುರು ಮಾಡಿದರೆ ನಾನು ಅಲ್ಲಿಗೇ ತಡೆಯುತ್ತೇನೆ. ಮೊದಲೇ ತಿಳಿಯುವ ಉಪಾಯ ಆಗ ಇರಲಿಲ್ಲ. ಈಗಲೂ ಎಲ್ಲರಿಗೂ ಕೊಡಬಹುದಾದಂಥದ್ದು ಇಲ್ಲ. ನಾವು ಮಾಡುತ್ತಿರುವುದು ಇನ್ನೂ ಮಾರುಕಟ್ಟೆಗೆ ಬಂದಿಲ್ಲ, ಬಂದರೂ ಜೀವ ಉಳಿಸುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅವ್ವನನ್ನು ಒಂದು ಪಾಠವಾಗಿ ಮಾಡಲು ನಾನು ಬಿಡುವುದಿಲ್ಲ. ಆಕೆಗೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಇಷ್ಟ, ಮರಾಠಿ ಮಾತಾಡುವಾಗ ನಗು ಬರುತ್ತಿತ್ತು, ಆಕೆ ಸತ್ತಳು.

ಪರೀಕ್ಷೆಗೆ ರಕ್ತ ಬೇಕಾದಾಗ ನಾನು ನಮ್ಮವರ ಕಡೆಗೇ ಹೋದೆ. ಥಾಣೆ, ಡೊಂಬಿವಲಿ, ನೆರೂಳ, ಮೂರೂ ಕಡೆ ಕನ್ನಡ ಸಂಘಗಳಿವೆ, ಎಲ್ಲ ಕಡೆ ಮಹಿಳಾ ವಿಭಾಗ ಇದೆ. ನಲವತ್ತು ದಾಟಿದ ಹೆಂಗಸರು, ಒಂದು ಬೆಳಿಗ್ಗೆ, ಒಂದು ಸಭಾಂಗಣ, ಕುರ್ಚಿಗಳು, ಉಪ್ಪಿಟ್ಟು. ಇಂಗ್ಲಿಷ್ ಫಾರ್ಮನ್ನು ಕನ್ನಡಕ್ಕೆ ಮಾಡಿದವಳು ನಾನು. ‘ನಿಮ್ಮ ಮನೆಯಲ್ಲಿ ತಾಯಿಗೆ, ಹಿರಿಯರಿಗೆ ಇದ್ದ ಕಾಯಿಲೆಗಳು; ಅಂಡಾಶಯದ ಕ್ಯಾನ್ಸರ್ ಇತ್ತೇ?’ ಎಂದು ಒಂದು ಕಾಲಮ್ಮು ಮಾಡಿದ್ದೆ. ಚೆನ್ನಾಗಿ ಮಾಡಿದ್ದೇನೆ ಎಂದುಕೊಂಡಿದ್ದೆ.

ಥಾಣೆಯ ಕ್ಯಾಂಪು ವರ್ತಕ ನಗರದಲ್ಲಿ ನಡೆಯುತ್ತಿತ್ತು. ಅಲ್ಲಿನ ಮಹಿಳಾ ವಿಭಾಗದ ಅಧ್ಯಕ್ಷೆ ನಮ್ಮ ಕಡೆಯವರೇ, ಧಾರವಾಡದವರು, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ದನಿ. ನಾನು ಐಸ್ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದರೆ, ‘ಬಂದ್ರಿ? ಏ, ರಕ್ತದ ಬಾಯಾರು ಬಂದ್ರು, ತೋಳ ಏರಿಸ್ರಿ’ ಎಂದು ಕೂಗುತ್ತಿದ್ದರು. ಫಾರ್ಮುಗಳನ್ನು ಒಟ್ಟು ಮಾಡಿ ಕೊಡುತ್ತಿದ್ದವರು ಅವರೇ. ಒಟ್ಟು ಮಾಡುವಾಗ ಓದುತ್ತಲೂ ಇದ್ದರು. ಅದನ್ನು ನಾನು ನೋಡಿದ್ದೆ, ತಡೆದಿರಲಿಲ್ಲ. ಅದು ನನ್ನ ತಪ್ಪುಗಳಲ್ಲಿ ಇನ್ನೊಂದು.

ರಕ್ತವನ್ನು ಬೇಗ ಯಂತ್ರದಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಬೇರೆ ಮಾಡಿ ಫ್ರೀಜರಿಗೆ ಹಾಕಬೇಕು, ಕಾದರೆ ಕೆಡುತ್ತದೆ. ಆದ್ದರಿಂದ ಕ್ಯಾಂಪು ಮುಗಿದ ಕೂಡಲೇ ಪೆಟ್ಟಿಗೆ ಹಿಡಿದು ಲೋಕಲಿನ ಹೆಂಗಸರ ಡಬ್ಬಿಗೆ ಓಡುತ್ತಿದ್ದೆ. ಒಮ್ಮೆ ಪಕ್ಕದವಳು ಮರಾಠಿಯಲ್ಲಿ ಮೀನೇನು ಎಂದು ಕೇಳಿದಳು. ಹೆಂಗಸರ ರಕ್ತ ಎಂದೆ. ಅವಳು ಸರಿದಳು, ನನಗೆ ಕೂರಲು ಜಾಗ ಸಿಕ್ಕಿತು.

ಮೂರನೇ ವರ್ಷ, ನಮ್ಮಲ್ಲಿ ಅಂಕಿಗಳನ್ನು ನೋಡುವ ಹಿರಿಯರು ನನ್ನನ್ನು ಕರೆದರು. ಅವರಿಗೆ ಒಂದು ಹೊಸ ಸಂಗತಿ ಸಿಕ್ಕಿತ್ತು.

‘ನಿಮ್ಮ ಕನ್ನಡದವರದ್ದು ವಿಚಿತ್ರ,’ ಎಂದರು. ‘ನೆರೂಳದ ಹೆಂಗಸರ ತಾಯಂದಿರಿಗೆ, ತಾಯಿಯ ಅಕ್ಕತಂಗಿಯರಿಗೆ ಅಲ್ಲಲ್ಲಿ ಕ್ಯಾನ್ಸರ್ ಇದೆ. ಡೊಂಬಿವಲಿ, ಥಾಣೆಯವರಲ್ಲಿ ಒಬ್ಬರಿಗೂ ಇಲ್ಲ. ಒಂದೇ ಭಾಷೆ. ಏನು ತಿನ್ನುತ್ತಾರೆ ಅವರು?’

ನೆರೂಳದವರು ಹೆಚ್ಚಾಗಿ ಉಡುಪಿ, ದಕ್ಷಿಣ ಕನ್ನಡದವರು. ಡೊಂಬಿವಲಿ, ಥಾಣೆಯ ಕ್ಯಾಂಪಿಗೆ ಬಂದವರು ಹೆಚ್ಚಾಗಿ ನಮ್ಮಂತೆ ಉತ್ತರ ಕರ್ನಾಟಕದವರು. ಮೀನು ತಿಂದರೆ ಬರುತ್ತದೋ, ಜೋಳ ತಿಂದರೆ ಬರುವುದಿಲ್ಲವೋ ಎಂದು ಆ ಹಿರಿಯರು ಆಗಲೇ ಯೋಚಿಸುತ್ತಿದ್ದರು. ನಾನು ಫಾರ್ಮುಗಳನ್ನು ತೆಗೆದುಕೊಂಡು ಕೂತೆ. ಡೊಂಬಿವಲಿಯ ಒಂದು ಫಾರ್ಮಿನಲ್ಲಿ ತಾಯಿಯ ಮುಂದೆ ‘ಸಕ್ಕರೆ ಕಾಯಿಲೆ, ಮೊಣಕಾಲು ನೋವು, ನಮ್ಮ ಜೊತೆಗೇ ಇದ್ದಾರೆ’ ಎಂದಿತ್ತು. ಆಕೆ ನನಗೆ ಪರಿಚಯದವರು. ಅವರ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಫೋನು ಮಾಡಿದೆ.

‘ತಾಯಿ ಅಂತ ಬರೆದದ್ದು ಯಾರ ಬಗ್ಗೆ ರಿ?’

‘ನಮ್ಮ ಅತ್ತಿಯವರ ಬಗ್ಗೆ. ನೀವ ಮನಿಯವರದ ಕೇಳೀರಲ್ಲ. ನಮ್ಮನ್ಯಾಗ ಹಿರಿಯಾರು ಅವರ.’

‘ನಿಮ್ಮನ್ನ ಹಡೆದಾಕಿ?’

‘ಅದು ತವರುಮನಿ ಮಾತಾತಲ್ರಿ. ಅದನ್ನೂ ಬರೀಬೇಕಿತ್ತೇನು?’ ಆಮೇಲೆ, ‘ಆಕಿಗೆ ಹೊಟ್ಟಿಯೊಳಗ ನೀರು ತುಂಬಿತ್ತು. ಏನಂತ ಯಾರೂ ಹೇಳಲಿಲ್ಲ,’ ಎಂದರು.

ಒಬ್ಬೊಬ್ಬರಿಗೇ ಫೋನು ಮಾಡುತ್ತಾ ಹೋದೆ. ಲಗ್ನವಾದ ಮೇಲೆ ಹೆಂಗಸಿನ ಮನೆತನ ಎಂದರೆ ಗಂಡನದು, ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರೆಲ್ಲ ತುಂಬ ಪ್ರಾಮಾಣಿಕವಾಗಿ, ಔಷಧಿಗಳ ಹೆಸರಿನ ಸಮೇತ, ತಮ್ಮ ಅತ್ತೆಯಂದಿರ ಕಾಯಿಲೆ ಬರೆದಿದ್ದರು. ಕರಾವಳಿಯ ಹೆಂಗಸರ ಎಷ್ಟೋ ಮನೆಗಳಲ್ಲಿ ಕುಟುಂಬವನ್ನು ಎಣಿಸುವುದೇ ತಾಯಿಯ ಕಡೆಯಿಂದ. ಅವರು ಅಜ್ಜಿ, ತಾಯಿ, ದೊಡ್ಡಮ್ಮ ಎಂದು ಸರಿಯಾಗಿ ಬರೆದಿದ್ದರು. ಅಷ್ಟೇ. ಮೀನೂ ಅಲ್ಲ, ಜೋಳವೂ ಅಲ್ಲ. ಎಲ್ಲರಿಗೂ ತಾಯಂದಿರಿದ್ದರು. ನಮ್ಮವರು ಅವರನ್ನು ತವರಿನಲ್ಲಿ ಬಿಟ್ಟು ಬಂದಿದ್ದರು, ನನ್ನ ಫಾರ್ಮು ಅವರನ್ನು ಕರೆತರಲು ಹೇಳಿರಲಿಲ್ಲ.

ನನಗೆ ಲಗ್ನವಾಗಿಲ್ಲ. ಅತ್ತೆ ಇಲ್ಲ. ನನ್ನ ‘ಇಲ್ಲ’ಕ್ಕೆ ಆ ನೆಪ ಕೂಡ ಇರಲಿಲ್ಲ. ಮೊದಲ ವರ್ಷ ಆರೋಗ್ಯವಂತರ ಮಾದರಿ ಕಡಿಮೆ ಬಿದ್ದಾಗ ಆಫೀಸಿನಲ್ಲಿ ಇದ್ದವರೆಲ್ಲ ಕೊಟ್ಟಿದ್ದೆವು, ಆಮೇಲೂ ವರ್ಷವರ್ಷ ಕೊಟ್ಟೆ. ಪೆನ್ನು ತಾನಾಗಿಯೇ ಬರೆಯಿತು ಎಂದು ಬಹಳ ದಿನ ಹೇಳಿಕೊಂಡೆ. ಪೆನ್ನು ತಾನಾಗಿ ಬರೆಯುವುದಿಲ್ಲ.

ಲ್ಯಾಬಿನ ಮುಖ್ಯಸ್ಥೆಯ ಕೋಣೆಗೆ ಹೋಗಿ ಎರಡೂ ತಪ್ಪು ಹೇಳಿದೆ, ಅತ್ತೆಯಂದಿರದ್ದು ಮತ್ತು ನನ್ನದು. ಆಕೆ ಪುಣೆಯವರು, ಮರಾಠಿಯಲ್ಲೇ ಬೈಯುತ್ತಾರೆ, ಆದರೆ ಆ ದಿನ ಬೈಯಲಿಲ್ಲ. ಆರೋಗ್ಯವಂತರ ಪಟ್ಟಿ ತೆರೆದು ನನ್ನ ನಳಿಕೆಯ ಅಂಕಿ ನೋಡಿದರು. ಅದು ಆ ಪಟ್ಟಿಯಲ್ಲಿ ತೀರ ಮೇಲಿತ್ತು.

‘ನೀನೇ ಗೆರೆಯನ್ನು ಎಳೆದುಕೊಂಡು ಮೇಲೆ ಹೋಗಿದ್ದೀಯ,’ ಎಂದರು. ‘ಬೇರೆಯವರ ತಾಯಂದಿರನ್ನು ಹುಡುಕುವ ಮೊದಲು ನಿನ್ನವಳನ್ನು ಬರೆ. ನಾಳೆ ಹೋಗಿ ಸ್ಕ್ಯಾನು, ಜೀನು ಎರಡೂ ಮಾಡಿಸು.’

ನಮ್ಮ ಕೆಲಸದಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಬಿಳಿ ಹಚ್ಚುವಂತಿಲ್ಲ. ಹಳೆಯದರ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಬರಬೇಕು, ಪಕ್ಕದಲ್ಲಿ ಹೊಸದು, ಸಹಿ, ದಿನಾಂಕ. ಹಾಗೆ ತಿದ್ದಿದೆ. ನೆನಪು ಮಾತ್ರ ಈ ನಿಯಮ ಪಾಲಿಸುವುದಿಲ್ಲ. ಅದು ಹಳೆಯದನ್ನು ಅಳಿಸಿ, ಮೊದಲಿಂದಲೂ ಹೀಗೇ ಇತ್ತು ಎನ್ನುತ್ತದೆ.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಜೀನಿನಲ್ಲಿ ಇತ್ತು. ಅವ್ವನಿಂದ ಬಂದ ಒಂದು ದೋಷ, ಈ ಕ್ಯಾನ್ಸರಿನ ಸಾಧ್ಯತೆಯನ್ನು ತುಂಬ ಹೆಚ್ಚಿಸುವಂಥದ್ದು. ಆಮೇಲೆ ಅಂಡಾಶಯ ತೆಗೆಸುವ ಆಪರೇಷನ್ ಮಾಡಿಸಿಕೊಂಡೆ, ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ರಿಪೋರ್ಟು ಬಂದ ದಿನ ನನ್ನ ತಲೆಯಲ್ಲಿದ್ದದ್ದು ಬೇರೆ. ಒಡಹುಟ್ಟಿದವರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವ್ವ ಸತ್ತಾಗಿನ ವಯಸ್ಸನ್ನು ಅಕ್ಕ ಆಗಲೇ ದಾಟಿದ್ದಳು. ಆಕೆ ಫಾರ್ಮಿನಲ್ಲಿ ನಿಜ ಬರೆದರೆ ಮರುದಿನವೇ ಜೀನಿನ ಪರೀಕ್ಷೆಗೆ ಕಳಿಸಬಹುದಿತ್ತು, ವರ್ಷವರ್ಷ ರಕ್ತ ನೋಡಬಹುದಿತ್ತು. ಆಕೆ ಥಾಣೆಯ ಕ್ಯಾಂಪಿನಲ್ಲಿ ಹಿಂದೆ ತುಂಬಿದ್ದ ಫಾರ್ಮಿನಲ್ಲೂ ‘ಇಲ್ಲ’ ಇತ್ತು.

ಭಾನುವಾರ ಡೊಂಬಿವಲಿಗೆ ಹೋದೆ. ಅಕ್ಕ ಶೇಂಗಾ ಹೋಳಿಗೆ ಲಟ್ಟಿಸುತ್ತಿದ್ದಳು. ಆಕೆಗೆ ಒಬ್ಬಳೇ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ. ಅವಳಿಗೆ ವರ್ತಕ ನಗರದ ಒಂದು ಮನೆಯಿಂದ ಸಂಬಂಧ ಬಂದಿತ್ತು. ಹುಡುಗನ ತಾಯಿ ಬೇರೆ ಯಾರೂ ಅಲ್ಲ, ಥಾಣೆಯ ಮಹಿಳಾ ವಿಭಾಗದ ಅಧ್ಯಕ್ಷೆ. ಅಂದು ಸಂಜೆ ಅವರು ಬರುವವರಿದ್ದರು.

‘ಅಕ್ಕಾ, ನನ್ನ ಜೀನಿನ ರಿಪೋರ್ಟು ಬಂತು,’ ಎಂದೆ. ‘ಅವ್ವನಿಂದ ಬಂದದ್ದು. ನಿನಗೂ ಇರಬಹುದು.’

‘ಇರಬಹುದು ಅಂದ್ರ ಇಲ್ಲದನೂ ಇರಬಹುದು.’

‘ಅದಕ್ಕ ನೋಡಬೇಕು.’

‘ನೋಡಿ?’

‘ಇದ್ರ ಏನ್ ಮಾಡಬೇಕಂತ ಡಾಕ್ಟರ್ ಹೇಳ್ತಾರ. ಇಲ್ಲಂದ್ರ ನಿನ್ನ ಮಗಳೂ ಪಾರಾದ್ಲು.’

ಲಟ್ಟಣಿಗೆ ನಿಂತಿತು. ‘ಕೂಸಿನ ಸುದ್ದಿ ಈಗ ತಗೀಬ್ಯಾಡ. ಆ ಫಾರ್ಮು ಯಾರ ಕೈಯಾಗ ಹೋಗ್ತದ, ಗೊತ್ತದೇನು? ನಾಳೆ ನನಗ ಬೀಗಿತಿ ಆಗಾಕಿ ಕೈಯಾಗ.’

‘ಹಂಗಾರ ನೆಟ್ಟಗ ಲ್ಯಾಬಿಗೆ ಬಾ. ಅಲ್ಲಿ ಯಾರೂ ಓದೂದಿಲ್ಲ.’

‘ಅಲ್ಲೂ ಅವ್ವನ್ನ ಬರೀಬೇಕಲ್ಲ. ಇವರಿಗೇ ಹೇಳಿಲ್ಲ ನಾನು ಇಷ್ಟು ವರ್ಷ. ನಮ್ಮ ಅತ್ತಿ ಸಾಯೂತನಕ ವರ್ಷಾ ನನಗ ನೆಲನೆಲ್ಲಿ ರಸ ಕುಡಿಸಿದ್ರು, ತಾಯಿಗೆ ಕಾಮಾಲಿ ಆಗಿತ್ತಂತ. ಕುಡದೆ. ಆ ಸುಳ್ಳು ಎಷ್ಟು ಕಹಿ ಇತ್ತಂತ ನಿನಗೇನ್ ಗೊತ್ತು. ನೀ ಹೇಳಿದಿ, ನಿನಗೇನ್ ಹೋಗೂದದ? ಗಂಡಿಲ್ಲ, ಮಕ್ಕಳಿಲ್ಲ.’

ಅದಕ್ಕೆ ನಾನು ಏನೋ ಕೆಟ್ಟದಾಗಿ ಉತ್ತರ ಕೊಟ್ಟೆ. ಏನೆಂದು ನೆನಪಿಲ್ಲ ಎನ್ನುತ್ತೇನೆ, ನೆನಪಿದೆ. ‘ನೀ ಸತ್ತ ಮ್ಯಾಲೆ ಕೂಸಿನ ಅತ್ತಿ ಏನ್ ಕುಡಿಸ್ತಾಳ ನೋಡೂಣು’ ಎಂದೆ.

ಅಕ್ಕ ಕೈಯ ಹಿಟ್ಟು ಕೊಡವಿದಳು. ‘ವೈಶಾಖದಾಗ ಲಗ್ನ,’ ಎಂದಳು. ‘ಆಗಲಿ ಅದು. ಆಮ್ಯಾಲ ನನ್ನ ಮೈಯಾಗಿನ ರಕ್ತ ಎಲ್ಲಾ ಬಾಟ್ಲಿ ತುಂಬಿಸ್ಕೊಂಡು ಹೋಗು.’ ಹೊರಡುವಾಗ ಹೋಳಿಗೆಯ ಡಬ್ಬಿ ಕೈಗಿಟ್ಟಳು. ‘ಸಿಟ್ಟಿನ್ಯಾಗ ಗಾಡಿಯೊಳಗ ಬಿಟ್ಟು ಇಳೀಬ್ಯಾಡ. ತುಪ್ಪ ಹಾಕೀನಿ.’

ಮುಂದಿನದು ವರ್ತಕ ನಗರದ ಸಭಾಂಗಣದಲ್ಲಿ ನಡೆಯಿತು. ಹೊಸ ಫಾರ್ಮು ತಂದಿದ್ದೆ. ಹೆತ್ತ ತಾಯಿ, ತಾಯಿಯ ಅಕ್ಕತಂಗಿಯರು, ತಾಯಿಯ ತಾಯಿ, ತಂದೆಯ ತಾಯಿ, ತಂದೆಯ ಅಕ್ಕತಂಗಿಯರು, ಒಬ್ಬೊಬ್ಬರಿಗೂ ಬೇರೆ ಬೇರೆ ಕಾಲಮ್ಮು. ಜೊತೆಗೆ ಅಂಟಿಸಿ ಮುಚ್ಚುವ ಲಕೋಟೆ, ಇನ್ನು ಮುಂದೆ ಯಾರೂ ಓದದ ಹಾಗೆ. ಅಧ್ಯಕ್ಷೆಗೆ ಲಕೋಟೆ ಹಿಡಿಸಲಿಲ್ಲ.

‘ಏನ್ರಿ ಇದು, ಎಲ್ಲಾರ ಸತ್ತ ತಾಯಂದಿರನ್ನ ಎಬ್ಬಸಾಕ ಬಂದೀರಿ?’ ಎಂದರು, ಎಲ್ಲರಿಗೂ ಕೇಳುವಂತೆ. ‘ನಮ್ಮ ಕಡೆ ಮಂದಿಗೆ ಅಂಥಾ ರೋಗ ಇಲ್ಲ ರಿ. ನಿಮ್ಮ ಲ್ಯಾಬಿನವರ ಹೇಳ್ಯಾರಂತಲ್ಲ, ಅದು ಕರಾವಳಿಯವರಿಗಂತ.’

ಕೆಲವರು ನಕ್ಕರು. ಒಬ್ಬರು ಆಗಲೇ ಎಲ್ಲ ಕಾಲಮ್ಮಿಗೂ ಸೇರಿಸಿ ಮೇಲಿಂದ ಕೆಳಗೆ ಒಂದೇ ಉದ್ದ ಗೆರೆ ಎಳೆದು ‘ಇಲ್ಲ’ ಎಂದು ಬರೆಯುತ್ತಿದ್ದರು. ನಾನು ಆ ಗೆರೆಯನ್ನೇ ನೋಡುತ್ತಿದ್ದೆ.

‘ನಾನೂ ನಿಮ್ಮ ಕಡೆಯಾಕಿನ ರಿ,’ ಎಂದೆ. ‘ನನ್ನ ತಾಯಿ ಅದರಿಂದನ ಸತ್ಲು. ಅಂಡಾಶಯದ ಕ್ಯಾನ್ಸರ್. ನಾವು ಕಾಮಾಲಿ ಅಂತ ಹೇಳ್ಕೋತ ಬಂದ್ವಿ. ನಾನೂ ಮೂರು ವರ್ಷ ಇದ ಫಾರ್ಮಿನ್ಯಾಗ ಇಲ್ಲ ಅಂತ ಬರದೀನಿ. ಈಗ ಅದರ ದೋಷ ನನ್ನ ಜೀನಿನ್ಯಾಗೂ ಸಿಕ್ಕದ.’

ಅಧ್ಯಕ್ಷೆ ನನ್ನನ್ನು ನೋಡಿದರು. ನಾನು ಯಾರ ತಂಗಿ ಎಂಬುದು ಅವರಿಗೆ ಗೊತ್ತಿತ್ತು. ಹುಡುಗಿಯ ಅಜ್ಜಿ ಯಾರು ಎಂದು ಅವರು ಲೆಕ್ಕ ಹಾಕುವುದು ಮುಖದ ಮೇಲೇ ಕಾಣಿಸಿತು.

‘ಚಹಾ ಆರ್ತದ, ಕುಡೀರಿ ಎಲ್ಲಾರೂ,’ ಎಂದರು.

ಎಲ್ಲರೂ ಸಾಲಾಗಿ ಬಂದು ನಿಜ ಬರೆದರು ಎಂದು ಬರೆಯಲು ನನಗೆ ಆಸೆ. ಹಾಗಾಗಲಿಲ್ಲ. ಇಬ್ಬರು ರಕ್ತ ಕೊಡದೆ ಚೀಲ ಎತ್ತಿಕೊಂಡು ಹೋದರು. ಮೂವರು ತಮ್ಮ ಫಾರ್ಮು ವಾಪಸ್ಸು ಕೇಳಿ, ಮೂಲೆಯ ಕುರ್ಚಿಗೆ ಹೋಗಿ, ಬಹಳ ಹೊತ್ತು ಬರೆದರು. ಉದ್ದ ಗೆರೆ ಎಳೆದಾಕೆ ಗೆರೆಯನ್ನು ಹಾಗೇ ಬಿಟ್ಟರು.

ನೀನು ಬೇಕೆಂದೇ ಮಾಡಿದಿ ಎಂದು ಅಕ್ಕ ಹೇಳುತ್ತಾಳೆ. ಬಾಯಿ ತಪ್ಪಿ ಬಂತು ಎಂದು ನಾನು ಹೇಳುತ್ತೇನೆ. ಕಲ್ಯಾಣಿನಿಂದ ಥಾಣೆಯವರೆಗೆ ಗಾಡಿಯಲ್ಲಿ ಆ ವಾಕ್ಯಗಳನ್ನು ಮನಸ್ಸಿನಲ್ಲಿ ಹೇಳಿಕೊಂಡಿದ್ದೂ ನಿಜ, ಹೇಳುವುದಿಲ್ಲ ಎಂದು ನಿರ್ಧರಿಸಿ ಇಳಿದಿದ್ದೂ ನಿಜ. ಎರಡನ್ನೂ ಬರೆದಿದ್ದೇನೆ, ಯಾವುದನ್ನೂ ಹೊಡೆದು ಹಾಕುವುದಿಲ್ಲ. ಅಕ್ಕನನ್ನು ಕೇಳದೆ ಹೇಳಿದ್ದು ತಪ್ಪು. ಆದರೆ ಅವ್ವ ನನಗೂ ತಾಯಿ. ಆಕೆ ಯಾವುದರಿಂದ ಸತ್ತಳು ಎಂದು ಹೇಳಲು ನಾನು ಇನ್ನೊಬ್ಬರ ಲಗ್ನ ಮುಗಿಯುವವರೆಗೆ ಕಾಯುವವಳಲ್ಲ.

ಒಂದು ವಾರದಲ್ಲಿ ಸಂಬಂಧ ನಿಂತಿತು. ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳಿಸಿದರು. ಅಕ್ಕ ನನ್ನ ಫೋನು ತೆಗೆಯುವುದನ್ನು ಬಿಟ್ಟಳು.

ಅಕ್ಕನ ಮಗಳು ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ನನ್ನನ್ನು ಹಿಡಿದಳು, ನಾನು ಗಾಡಿ ಬದಲಿಸುವ ಹೊತ್ತಿಗೆ. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಯಾವಾಗಲೂ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ‘ಮೌಶಿ, ತೂ ತರ್ ಬಾಂಬಚ್ ಫೋಡ್ಲಾಸ್,’ ಎಂದಳು. ಚಿಕ್ಕಮ್ಮ, ನೀನು ಬಾಂಬೇ ಹಾಕಿದೆಯಲ್ಲ ಎಂದು. ನಗುತ್ತಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

‘ಸಿಟ್ಟು ಬಂದದೇನು?’ ಎಂದು ಕೇಳಿದೆ.

‘ಬಂದಿದೆ. ಮದುವೆ ನಿಂತದ್ದಕ್ಕಲ್ಲ. ಮೂರು ತಿಂಗಳು ಕೂಡುತ್ತಿದ್ದ ಜಾತಕ ಒಂದು ವಾರದಲ್ಲಿ ಕೆಟ್ಟುಹೋಗುವುದಾದರೆ ಹೋಗಲಿ. ನನ್ನ ಅಜ್ಜಿಗೆ ಏನಾಗಿತ್ತು ಎಂದು ನನಗೆ ಹೇಳಿದ್ದು ಯಾರು ಗೊತ್ತಾ? ಅವನ ಅಮ್ಮ. ಫೋನಿನಲ್ಲಿ. ನೀನಲ್ಲ, ನನ್ನ ಅಮ್ಮ ಅಲ್ಲ. ಅವನ ಅಮ್ಮ.’

ಜನ ನಮ್ಮಿಬ್ಬರನ್ನೂ ತಳ್ಳಿಕೊಂಡು ಹೋಗುತ್ತಿದ್ದರು.

‘ಹೋಗಲಿ,’ ಎಂದಳು. ‘ನೆಟ್‌ನಲ್ಲಿ ಎಲ್ಲ ಓದಿದೆ. ಅಮ್ಮನಿಗೂ ಹೇಳಿದೆ: “ನೀನು ಹೋಗದಿದ್ದರೆ ನಾನೇ ಹೋಗಿ ನನ್ನ ಜೀನು ಪರೀಕ್ಷೆ ಮಾಡಿಸುತ್ತೇನೆ, ನನ್ನಲ್ಲಿ ಅದೇ ದೋಷ ಸಿಕ್ಕರೆ ಅದು ನಿನ್ನಿಂದಲೇ ಬಂದದ್ದು, ಆಗ ನಿನ್ನದನ್ನು ಕೇಳಬೇಕಾಗಿಯೇ ಇಲ್ಲ. ಮುಚ್ಚಿಡಲು ಈಗ ಯಾವ ಸಂಬಂಧವೂ ಉಳಿದಿಲ್ಲ, ಇನ್ನೇನು ಕಾಯುತ್ತೀಯ” ಅಂದೆ.’

‘ಏನಂದ್ಲು?’

‘ಪಾತ್ರೆ ತಿಕ್ಕಿದಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು.’ ಅವಳ ಗಾಡಿ ಬಂತು, ಓಡಿದಳು.

ಅಕ್ಕನ ಜೀನಿನಲ್ಲಿ ಕೊನೆಗೆ ಏನು ಸಿಕ್ಕಿತು ಎಂದು ಓದಿದವರು ಕೇಳಬಹುದು. ಅದು ಆಕೆಯದು, ಈ ಸಲ ನಾನು ಹೇಳುವುದಿಲ್ಲ. ಆಕೆ ಬಂದದ್ದನ್ನು ಮಾತ್ರ ಹೇಳುತ್ತೇನೆ.

ಒಂದು ಸೋಮವಾರ ಬೆಳಿಗ್ಗೆ ಕಾವಲಿನವರು ಕೆಳಗಿನಿಂದ ಫೋನು ಮಾಡಿ ಯಾರೋ ಗಂಡಹೆಂಡತಿ ಬಂದಿದ್ದಾರೆ ಎಂದರು. ಭಾವ ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದರು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು. ಅಕ್ಕ ನನ್ನ ಮುಖ ನೋಡದೆ ಒಳಗೆ ಬಂದು, ರಕ್ತ ತೆಗೆಯುವ ಕುರ್ಚಿಯಲ್ಲಿ ಕೂತು, ‘ಫಾರ್ಮು ತಾ’ ಎಂದಳು.

‘ಭಾವಗ ಹೇಳಿದ್ಯಾ?’ ಎಂದೆ.

‘ಥಾಣ್ಯಾಗ ಹೇಳಿದೆ. ಗಾಡಿ ಬದಲಸೂ ಮುಂದ. ಗದ್ಲದಾಗ ಹೇಳೂದು ಚೊಲೋ, ಯಾರಿಗೂ ನಿಂತು ಕೇಳಾಕ ಆಗೂದಿಲ್ಲ.’

‘ಏನಂದ್ರು?’

‘ಐರೋಲಿ ದಾಟಿದ ಮ್ಯಾಲೆ, ಉಪವಾಸ ಬಂದೀಯೇನು ಅಂತ ಕೇಳಿದ್ರು. ಉಪ್ಪಿಟ್ಟು ತಿಂದೀನಿ ಅಂದೆ. ಅಷ್ಟ.’

ಫಾರ್ಮನ್ನು ತೊಡೆಯ ಮೇಲಿಟ್ಟುಕೊಂಡು ಓದಿದಳು. ಬೆರಳು ತಾಯಿಯ ಕಾಲಮ್ಮಿನ ಮೇಲೆ ನಿಂತಿತು.

‘ಇದನ್ನ ನೀನ ಬರಿ,’ ಎಂದಳು. ‘ನಿನಗ ಬರಿಯೂದು ಚಟ.’

‘ನಾ ಬರೆಯೂದಿಲ್ಲ. ನೀನ ಬರೀಬೇಕು.’

‘ಇಂಗ್ಲಿಷಿನ್ಯಾಗೇನು?’

‘ಕನ್ನಡದಾಗನ ಬರಿ.’

ಬರೆದಳು. ಒಂದೊಂದೇ ಅಕ್ಷರ, ಶಾಲೆಯಲ್ಲಿ ಕಾಪಿ ಬರೆದ ಹಾಗೆ. ‘ಕ್ಯಾನ್ಸರ್’ಗೆ ಬಂದಾಗ ಪೆನ್ನು ತಡೆಯಿತು, ಮುಂದೆ ಹೋಯಿತು. ಸಹಿ ಮಾಡಿದಳು. ಸೆರಗನ್ನು ಸರಿಸಿ ತೋಳು ಚಾಚಿದಳು. ನಮ್ಮಲ್ಲಿ ರಕ್ತ ತೆಗೆಯಲು ಬೇರೊಬ್ಬರಿದ್ದಾರೆ, ಕರೆಯಲು ಹೊರಟೆ.

‘ನೀನ ತಗೀ. ಬ್ಯಾರೆಯವರ ಕೈಲೆ ಚುಚ್ಚಿಸ್ಕೊಳ್ಳಾಕ ಇಷ್ಟು ದೂರ ಬಂದಿಲ್ಲ ನಾನು.’

ನರ ಮೊದಲ ಸಲ ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು. ನಳಿಕೆ ತುಂಬುವಾಗ ಆಕೆ ಗೋಡೆಯ ಕಡೆ ನೋಡುತ್ತಿದ್ದಳು.

‘ಅಕ್ಕಾ, ನಾ ಅವತ್ತು…’ ಎಂದು ಶುರು ಮಾಡಿದೆ.

‘ಬ್ಯಾಡ,’ ಎಂದಳು. ‘ನೀ ಮಾಡಿದ್ದು ನಾ ಮರೆಯಾಕಿ ಅಲ್ಲ. ಮುಂದಿನ ವರ್ಷ ಯಾವಾಗ ಬರಬೇಕು, ಅಷ್ಟ ಹೇಳು.’

‘ಇದ ತಿಂಗಳು.’

ಸೂಜಿ ತೆಗೆದು ಹತ್ತಿ ಇಟ್ಟೆ. ‘ಕೈ ಮಡಚಬ್ಯಾಡ, ಒತ್ತಿ ಹಿಡಿ,’ ಎಂದೆ. ಮಡಚಿಕೊಂಡೇ ಎದ್ದು ಹೊರಗೆ ಹೋದಳು.